ಉತ್ತರ ಯಾವ ಸಾಲಿನಲ್ಲಿದೆ?

ಚೀನೀ ಮನೆಮಾತಿನ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಗದ್ಯವನ್ನು ಓದಿ ಅರ್ಥ ಮಾಡಿಕೊಳ್ಳುವುದನ್ನು ಕಲಿಸಬೇಕಾಗಿ ಬಂದರೆ ಎಲ್ಲಿಂದ ಶುರು ಮಾಡಬೇಕು? ಹಾಂಗ್‌ಕಾಂಗ್‌ನಲ್ಲೋ ಸಿಂಗಪುರದಲ್ಲೋ ನೆಲೆಸಿ ಮನೆಪಾಠ ಹೇಳುವ ಕನ್ನಡಿಗರಿಗೂ, ಅಮೆರಿಕದ ಶಾಲೆಗಳಲ್ಲಿ ಹೊಸದಾಗಿ ಬಂದ ವಲಸಿಗರ ಮಕ್ಕಳಿಗೆ ನೆರವಾಗುವವರಿಗೂ ಎದುರಾಗುವ ಪ್ರಶ್ನೆ ಇದು. ಈ ಕೆಲಸಕ್ಕೆ ಈಗಷ್ಟೇ ಕೈಹಾಕಿದವರಿಗಾಗಿ ಈ ಲೇಖನ. ನಿಮಗೆ ಚೀನೀ ಭಾಷೆ ಬರಲೇಬೇಕೆಂದಿಲ್ಲ. ಆ ಮಕ್ಕಳು ಯಾವ ದಾರಿಯಲ್ಲಿ ಇಂಗ್ಲಿಷಿಗೆ ಬಂದಿದ್ದಾರೆ ಎಂಬುದು ಗೊತ್ತಿರಬೇಕು, ಅಷ್ಟೇ.

ಮೊದಲು ಅವರ ಹಿನ್ನೆಲೆ. ಚೀನಾದ ಹೆಚ್ಚಿನ ಮಕ್ಕಳು ಮೂರನೇ ತರಗತಿಯಿಂದ ಇಂಗ್ಲಿಷ್ ಕಲಿಯುತ್ತಾರೆ. 2001ರ ಪಠ್ಯಕ್ರಮದ ಬದಲಾವಣೆಯಿಂದ ಬಂದ ರೂಢಿ ಇದು. ಅವರ ಹಿರಿಯ ಹೈಸ್ಕೂಲು ಮೂರು ವರ್ಷದ್ದು, ಸುಮಾರು 15ರಿಂದ 18ರ ವಯಸ್ಸಿನವರದು. ಅಂದರೆ ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಓರಗೆಯವರು. ಕೊನೆಯಲ್ಲಿ ಗಾವ್‌ಕಾವ್ ಎಂಬ ಕಾಲೇಜು ಪ್ರವೇಶ ಪರೀಕ್ಷೆ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಿಂತುಹೋಗಿದ್ದ ಇದು 1977ರಲ್ಲಿ ಮತ್ತೆ ಶುರುವಾಯಿತು. ಈಗ ಪ್ರತಿವರ್ಷ ಜೂನ್ 7ರಂದು ಆರಂಭವಾಗುತ್ತದೆ. ಸಾಮಾನ್ಯವಾಗಿ 8ರ ಮಧ್ಯಾಹ್ನ ಮೂರರಿಂದ ಐದರವರೆಗೆ ಇಂಗ್ಲಿಷ್ ಪತ್ರಿಕೆ.

ಶಾಂಡಾಂಗ್, ಜಿಯಾಂಗ್ಸು ಮೊದಲಾದ ಪ್ರಾಂತ್ಯಗಳು ಬಳಸುವ ಪತ್ರಿಕೆಯನ್ನೇ ನೋಡಿ. ಒಟ್ಟು 150 ಅಂಕ. ಕೇಳುವಿಕೆಗೆ 30, ಓದಿಗೆ 50, ಬಿಟ್ಟ ಸ್ಥಳ ತುಂಬುವ ಭಾಗಕ್ಕೆ 30, ಬರವಣಿಗೆಗೆ 40. ಓದಿನ 50ರಲ್ಲಿ ನಾಲ್ಕು ಗದ್ಯಭಾಗ, 15 ಪ್ರಶ್ನೆ, ಪ್ರಶ್ನೆಗೆ ಎರಡೂವರೆ ಅಂಕ. ಉಳಿದ ಹನ್ನೆರಡೂವರೆ ಅಂಕ ಐದು ವಾಕ್ಯಗಳನ್ನು ಕಿತ್ತುಹಾಕಿ ಏಳು ವಾಕ್ಯಗಳಿಂದ ಆರಿಸಿ ಕೂಡಿಸಬೇಕಾದ ಐದನೆಯ ಗದ್ಯಕ್ಕೆ. ಮೊದಲನೆಯ ಗದ್ಯ ಸಾಮಾನ್ಯವಾಗಿ ಜಾಹೀರಾತು, ವೇಳಾಪಟ್ಟಿ, ಪ್ರವಾಸದ ಮಾಹಿತಿಯಂಥದ್ದು. ಎರಡನೆಯದು ಹೆಚ್ಚಾಗಿ ಒಬ್ಬ ವ್ಯಕ್ತಿಯ ಕಥನ. ಮೂರು, ನಾಲ್ಕು ವಿಜ್ಞಾನ, ಸಮಾಜ, ಹೊಸ ಪುಸ್ತಕ, ಹೊಸ ಸಂಶೋಧನೆಯ ಕಡೆಗೆ ಹೊರಳುತ್ತವೆ. ಮಕ್ಕಳು ಸೋಲುವುದು ಬಹುಪಾಲು ಈ ಕೊನೆಯೆರಡರಲ್ಲಿ. ತೈವಾನ್ ಮತ್ತು ಹಾಂಗ್‌ಕಾಂಗ್‌ಗಳಿಗೆ ಅವರದೇ ಬೇರೆ ಪರೀಕ್ಷೆಗಳಿವೆ. ಅಲ್ಲಿಯ ಮಕ್ಕಳಿಗೆ ಕಲಿಸುವವರು ಆ ಪತ್ರಿಕೆಗಳನ್ನು ತರಿಸಿ ನೋಡಬೇಕು. ಓದು ಕಲಿಸುವ ಕ್ರಮ ಮಾತ್ರ ಎಲ್ಲ ಕಡೆಗೂ ಒಂದೇ.

ನಿಮ್ಮ ಮುಂದೆ ಕೂರುವ ವಿದ್ಯಾರ್ಥಿ ದಡ್ಡನಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಬೆಳಗಿನ ಪಾಠಕ್ಕೆ ಮುಂಚೆ ಗಟ್ಟಿಯಾಗಿ ಓದುವ ಅವಧಿ, ರಾತ್ರಿ ಶಾಲೆಯಲ್ಲೇ ಕೂತು ಓದುವ ಅವಧಿ, ಇವೆರಡರ ನಡುವೆ ಅವನ ದಿನ ಮುಗಿಯುತ್ತದೆ. ಮೂರು ಸಾವಿರಕ್ಕೂ ಮಿಕ್ಕ ಪದಗಳ ಪಟ್ಟಿ ಬಾಯಲ್ಲಿರುತ್ತದೆ. ವ್ಯಾಕರಣದ ನಿಯಮ ಕೇಳಿದರೆ ನಿಮಗಿಂತ ಚುರುಕಾಗಿ ಹೇಳಿಯಾನು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಒಂದರ ಮೇಲೊಂದು ಬಿಡಿಸಿರುತ್ತಾನೆ. ಈ ಅಭ್ಯಾಸಕ್ಕೆ ಅಲ್ಲಿ ಶುವಾತಿ ಎಂದು ಹೆಸರೇ ಇದೆ. ಇಷ್ಟಿದ್ದೂ ನಾಲ್ಕನೆಯ ಗದ್ಯದ ಮುಂದೆ ಕೈಚೆಲ್ಲುತ್ತಾನೆ. ಪತ್ರಿಕೆ ಬಿಡಿಸುವುದು, ಉತ್ತರಪಟ್ಟಿಯೊಂದಿಗೆ ತಾಳೆ ನೋಡುವುದು, ಅಂಕ ಬರೆದುಕೊಂಡು ಮುಂದಿನ ಪತ್ರಿಕೆ ತೆಗೆಯುವುದು, ಇದರಲ್ಲಿ ಓದುವ ರೀತಿ ಬದಲಾಗುವುದೇ ಇಲ್ಲ. ತಪ್ಪು ಎಲ್ಲಿ ಹುಟ್ಟಿತು ಎಂದು ಯಾರೂ ಹುಡುಕುವುದಿಲ್ಲ. ಆ ಹುಡುಕಾಟವೇ ನಿಮ್ಮ ಕೆಲಸ.

ತಪ್ಪು ಹುಟ್ಟುವ ಮೊದಲ ಜಾಗ ವಾಕ್ಯದ ಕ್ರಮ. ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. 'ಶಾಂಘೈಯಲ್ಲಿ ನನ್ನ ತಂಗಿಗೆ ಪಾಠ ಹೇಳಿದ ಮೇಷ್ಟ್ರು ನಿವೃತ್ತರಾದರು' ಎಂಬ ವಾಕ್ಯದಲ್ಲಿ ಮೇಷ್ಟ್ರನ್ನು ಬಣ್ಣಿಸುವ ಮಾತೆಲ್ಲ ಮೇಷ್ಟ್ರಿಗಿಂತ ಮುಂಚೆಯೇ ಬಂದುಬಿಡುತ್ತದೆ. ಚೀನೀ ಭಾಷೆಯಲ್ಲೂ ಹಾಗೆಯೇ. ಇಂಗ್ಲಿಷ್ ಮಾತ್ರ ಮೇಷ್ಟ್ರನ್ನು ಮೊದಲು ನಿಲ್ಲಿಸಿ, 'ಹೂ' ಎಂದು ಕೊಕ್ಕೆ ಹಾಕಿ, ಬಣ್ಣನೆಯನ್ನು ಹಿಂದಿನಿಂದ ತರುತ್ತದೆ: 'ದ ಟೀಚರ್ ಹೂ ಟಾಟ್ ಮೈ ಸಿಸ್ಟರ್ ಇನ್ ಶಾಂಘೈ ಹ್ಯಾಸ್ ರಿಟೈರ್ಡ್'. ಚೀನೀ ವಿದ್ಯಾರ್ಥಿ ಇದನ್ನು ಓದುವಾಗ ಏನು ಮಾಡುತ್ತಾನೆಂದು ಅವನ ಕಣ್ಣನ್ನು ಗಮನಿಸಿ. ವಾಕ್ಯದ ಕೊನೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಬಂದು, ತನ್ನ ಭಾಷೆಯ ಕ್ರಮಕ್ಕೆ ಜೋಡಿಸಿಕೊಂಡು, ಆಮೇಲೆ ಮುಂದಿನ ವಾಕ್ಯಕ್ಕೆ ಹೋಗುತ್ತಾನೆ. ಪುಟ್ಟ ವಾಕ್ಯಕ್ಕೆ ಇದು ನಡೆಯುತ್ತದೆ. ನಲವತ್ತು ಪದಗಳ ವಾಕ್ಯದಲ್ಲಿ ಹಿಂದೆ ಬರುವಷ್ಟರಲ್ಲಿ ಕರ್ತೃ ಯಾರೆಂಬುದೇ ಮರೆತುಹೋಗಿರುತ್ತದೆ. ಇಂಗ್ಲಿಷ್ ಮನೆಮಾತಾದ ಮೇಷ್ಟರಿಗೆ ಈ ತೊಡಕು ಸುಲಭಕ್ಕೆ ಹೊಳೆಯುವುದಿಲ್ಲ. ನಾವು ಅದೇ ಹಾದಿಯಲ್ಲಿ ನಡೆದು ಬಂದವರು.

ಇದಕ್ಕೆ ಮದ್ದು, ವಾಕ್ಯವನ್ನು ತುಂಡು ತುಂಡಾಗಿ ಮುಂದಕ್ಕೇ ಓದುವುದು. ಪೆನ್ಸಿಲಿನಿಂದ ಅಡ್ಡಗೆರೆ ಹಾಕಿಸಿ. 'ದ ಟೀಚರ್' ಒಂದು ತುಂಡು. ಅಲ್ಲಿ ನಿಂತು ಕೇಳಿ: ಯಾರ ವಿಷಯ? ಮೇಷ್ಟ್ರ ವಿಷಯ. 'ಹೂ ಟಾಟ್ ಮೈ ಸಿಸ್ಟರ್': ಯಾವ ಮೇಷ್ಟ್ರು? 'ಇನ್ ಶಾಂಘೈ': ಎಲ್ಲಿ? 'ಹ್ಯಾಸ್ ರಿಟೈರ್ಡ್': ಅವರಿಗೇನಾಯಿತು? ಪ್ರತಿ ತುಂಡಿಗೂ ಒಂದು ಪ್ರಶ್ನೆ, ಒಂದು ಉತ್ತರ, ಹಿಂದಕ್ಕೆ ತಿರುಗುವಂತಿಲ್ಲ. ಮೊದಲ ದಿನಗಳಲ್ಲಿ ಇದು ಬಹಳ ನಿಧಾನ ಅನಿಸುತ್ತದೆ. ಪರೀಕ್ಷೆಯ ಆತುರದಲ್ಲಿರುವ ಮಕ್ಕಳು ಚಡಪಡಿಸುತ್ತಾರೆ. ಬಿಡಬೇಡಿ. ಉದ್ದದ ವಾಕ್ಯದಲ್ಲಿ ಮುಖ್ಯ ಕ್ರಿಯಾಪದ ಯಾವುದೆಂದು ಗುರುತಿಸಲು ಬಂದ ದಿನ ಅವರ ಓದಿನ ವೇಗ ತಾನಾಗಿ ಏರುತ್ತದೆ.

ಎರಡನೆಯ ತೊಡಕು ಕಾಲದ್ದು. ಚೀನೀ ಕ್ರಿಯಾಪದ ರೂಪ ಬದಲಿಸುವುದಿಲ್ಲ. ನಿನ್ನೆ, ನಾಳೆ ಎಂಬಂಥ ಪದಗಳು ಮತ್ತು ಕೆಲವು ಪುಟ್ಟ ಅವ್ಯಯಗಳು ಕೆಲಸ ಆಗಿದೆಯೋ ಆಗುತ್ತಿದೆಯೋ ಎಂಬುದನ್ನು ತಿಳಿಸುತ್ತವೆ. ಹೀಗಾಗಿ ಆ ಮಕ್ಕಳು ಇಂಗ್ಲಿಷ್ ವಾಕ್ಯದ 'ಹ್ಯಾಡ್' ಅನ್ನು ವ್ಯಾಕರಣದ ಅಲಂಕಾರವೆಂಬಂತೆ ದಾಟಿಹೋಗುತ್ತಾರೆ. ಕಥನದ ಗದ್ಯದಲ್ಲಿ ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂಬ ಪ್ರಶ್ನೆ ಬಂದಾಗ ಆ ಒಂದು ಪದವೇ ಉತ್ತರ. ಗದ್ಯದ ಘಟನೆಗಳನ್ನು ನಡೆದ ಕ್ರಮದಲ್ಲಿ ಬರೆಯಲು ಹೇಳಿ. ಎಲ್ಲಿ ಎಡವುತ್ತಾರೋ ಅಲ್ಲಿ ಕ್ರಿಯಾಪದಕ್ಕೆ ಕರೆತನ್ನಿ.

ಸರ್ವನಾಮಗಳೂ ಹೀಗೆಯೇ ಕಾಡುತ್ತವೆ. ಚೀನೀಯಲ್ಲಿ ಅವನು, ಅವಳು, ಅದು ಮೂರಕ್ಕೂ ಉಚ್ಚಾರ ಒಂದೇ, 'ತಾ'. ಬರೆಯುವಾಗ ಮಾತ್ರ ಅಕ್ಷರ ಬೇರೆ. ವಾಕ್ಯದ ಅರ್ಥ ಸ್ಪಷ್ಟವಿದ್ದರೆ ಸರ್ವನಾಮವನ್ನು ಬಿಟ್ಟುಬಿಡುವುದೂ ಉಂಟು, ನಾವು 'ಬಂದೆ' ಎಂದಷ್ಟೇ ಅನ್ನುವಂತೆ. ಇಂಗ್ಲಿಷಿನ 'ಇಟ್', 'ದಿಸ್', 'ದೋಸ್' ಯಾವುದನ್ನು ಸೂಚಿಸುತ್ತವೆ ಎಂಬುದೇ ಎಷ್ಟೋ ಪ್ರಶ್ನೆಗಳ ತಿರುಳು. ಪ್ರತಿ ಸರ್ವನಾಮದಿಂದ ಅದು ಹೇಳುವ ನಾಮಪದಕ್ಕೆ ಬಾಣದ ಗುರುತು ಎಳೆಸುವುದು ಹಳೆಯ ವಿಧಾನ. ನನಗೆ ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ಚೀನೀ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವಿಲ್ಲ. ಪದಗಳ ನಡುವೆ ಖಾಲಿ ಜಾಗವೂ ಇಲ್ಲ. ಅಪರಿಚಿತ ಹೆಸರೊಂದು ಗದ್ಯದಲ್ಲಿ ಬಂದರೆ ಅದನ್ನು ತನಗೆ ಬಾರದ ಪದವೆಂದು ತಿಳಿದು ಗಾಬರಿಯಾಗುವ ಮಕ್ಕಳಿದ್ದಾರೆ. ದೊಡ್ಡಕ್ಷರ ಕಂಡರೆ ಹೆಸರೆಂದು ಗುರುತಿಸಿ, ಮೊದಲಕ್ಷರವನ್ನಷ್ಟೇ ಅಂಚಿನಲ್ಲಿ ಬರೆದು ಮುಂದೆ ಹೋಗಲು ಕಲಿಸಿ. ಸಂಖ್ಯೆಯ ವಿಷಯ ಇನ್ನೂ ಸ್ವಾರಸ್ಯದ್ದು. ನಾವು ಲಕ್ಷ, ಕೋಟಿಗಳಲ್ಲಿ ಎಣಿಸುವಂತೆ ಅವರು ಹತ್ತು ಸಾವಿರದ ವಾನ್, ಹತ್ತು ಕೋಟಿಯ ಯೀಗಳಲ್ಲಿ ಎಣಿಸುತ್ತಾರೆ. ಮಿಲಿಯನ್ ನಮಗೆ ಹತ್ತು ಲಕ್ಷ, ಅವರಿಗೆ ನೂರು ವಾನ್. ಇಬ್ಬರೂ ಮನಸ್ಸಿನಲ್ಲೇ ಲೆಕ್ಕ ತಿರುವಬೇಕು. ಅಂಕಿಅಂಶದ ಗದ್ಯಕ್ಕೆ ಮುಂಚೆ ಐದು ನಿಮಿಷ ಈ ತಿರುವುಮುರುವಿನ ಅಭ್ಯಾಸ ಮಾಡಿಸಿದರೆ ಸಾಕು.

ಈಗ ಪಾಠದ ನಡುಮನೆಗೆ ಬರೋಣ. ಒಂದು ಪುಟ್ಟ ಗದ್ಯವನ್ನು ಕಲ್ಪಿಸಿಕೊಳ್ಳಿ. ಸಣ್ಣ ಊರಿನ ಗ್ರಂಥಾಲಯವೊಂದು ಪುಸ್ತಕಗಳ ಜೊತೆಗೆ ತರಕಾರಿ ಬೀಜವನ್ನೂ ಎರವಲು ಕೊಡುತ್ತದೆ. ಸದಸ್ಯರು ವಸಂತದಲ್ಲಿ ಪೊಟ್ಟಣ ಒಯ್ದು, ಬೆಳೆ ಬಂದ ಮೇಲೆ ಅದೇ ಗಿಡದ ಬೀಜವನ್ನು ಹಿಂದಿರುಗಿಸಬೇಕು. ಮೊದಲ ವರ್ಷ ಹಿಂದೆ ಬಂದದ್ದು ಕೆಲವೇ ಪೊಟ್ಟಣ. ಗ್ರಂಥಪಾಲಕಿ ದಂಡ ಹಾಕುವ ಬದಲು, ಆ ಬೀಜವನ್ನು ಬೆಳೆದು ಕೊಟ್ಟವರ ಹೆಸರನ್ನು ಪ್ರತಿ ಪೊಟ್ಟಣದ ಮೇಲೂ ಬರೆಸಿದರು. ಮರುವರ್ಷ ಕಪಾಟು ತುಂಬಿತು. ಇಷ್ಟು ಇಂಗ್ಲಿಷಿನಲ್ಲಿದೆ ಎಂದುಕೊಳ್ಳಿ. ಪ್ರಶ್ನೆ: ಎರಡನೆಯ ವರ್ಷ ಹೆಚ್ಚು ಬೀಜ ಹಿಂದಿರುಗಿದ್ದೇಕೆ? ನಾಲ್ಕು ಆಯ್ಕೆ: ಒಂದು, ದಂಡದ ಭಯ. ಎರಡು, ಬೀಜ ಕೊಟ್ಟವರು ಯಾರೆಂದು ತಿಳಿದದ್ದು. ಮೂರು, ಬೀಜದ ಬೆಲೆ ಇಳಿದದ್ದು. ನಾಲ್ಕು, ಗ್ರಂಥಾಲಯ ತೋಟಗಾರಿಕೆಯ ತರಬೇತಿ ಕೊಟ್ಟದ್ದು.

ಒಂದನ್ನು ಆರಿಸುವ ಮಕ್ಕಳಿರುತ್ತಾರೆ, ಏಕೆಂದರೆ 'ದಂಡ' ಎಂಬ ಪದ ಗದ್ಯದಲ್ಲಿ ಕಣ್ಣಿಗೆ ಬಿದ್ದಿದೆ. ಅದರ ಪಕ್ಕದ 'ಬದಲು' ಬಿದ್ದಿಲ್ಲ. ನಾಲ್ಕನ್ನು ಆರಿಸುವವರು ತಮ್ಮ ಲೋಕಜ್ಞಾನದಿಂದ ಆರಿಸುತ್ತಾರೆ: ತರಬೇತಿ ಕೊಟ್ಟರೆ ಬೆಳೆ ಚೆನ್ನಾಗಿ ಬರುತ್ತದಲ್ಲ, ಮಾತು ಸರಿಯಾಗಿದೆ. ಸರಿಯಿರಬಹುದು, ಆದರೆ ಗದ್ಯ ಅದನ್ನು ಹೇಳಿಲ್ಲ. ಇವೆರಡು ಬೇರೆ ಬೇರೆ ಬಗೆಯ ತಪ್ಪುಗಳು, ಬೇರೆ ಬೇರೆ ಔಷಧ ಬೇಡುತ್ತವೆ. ಉತ್ತರಪಟ್ಟಿ ನೋಡಿ ತಪ್ಪು ಗುರುತು ಹಾಕಿದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಆದ್ದರಿಂದ ನಿಮ್ಮ ತರಗತಿಯಲ್ಲಿ ಒಂದು ಕಟ್ಟಳೆ ಇರಲಿ. ಯಾವ ವಿದ್ಯಾರ್ಥಿಯೂ ಬರೀ ಎ, ಬಿ, ಸಿ, ಡಿ ಎಂದು ಉತ್ತರಿಸುವಂತಿಲ್ಲ. ಯಾವ ಸಾಲು ಅದನ್ನು ಹೇಳಿತು ಎಂದು ಬೆರಳಿಟ್ಟು ತೋರಿಸಬೇಕು. ಉಳಿದ ಮೂರು ಏಕೆ ಅಲ್ಲ ಎಂಬುದಕ್ಕೂ ಸಾಲು ತೋರಿಸಬೇಕು, ಇಲ್ಲವೇ ಅಂಥ ಸಾಲೇ ಇಲ್ಲ ಎನ್ನಬೇಕು. ಉತ್ತರ ಸರಿಯಿದ್ದಾಗಲೂ ಇದನ್ನು ಕೇಳಿ. ಊಹೆಯಿಂದ ಬಂದ ಸರಿಯುತ್ತರ ಪರೀಕ್ಷೆಯ ದಿನ ಕೈಕೊಡುತ್ತದೆ. ಈ ಕಟ್ಟಳೆಗೆ ಇನ್ನೊಂದು ಲಾಭವಿದೆ. ಐವತ್ತು ಮಂದಿಯ ತರಗತಿಯಲ್ಲಿ ಕೂತು ಬೆಳೆದ ಮಕ್ಕಳು 'ಅರ್ಥವಾಯಿತೇ?' ಎಂದರೆ ಹೂಂ ಎನ್ನುತ್ತಾರೆ. ಎಲ್ಲರೆದುರು ಇಲ್ಲ ಎನ್ನುವುದು ಅವರಿಗೆ ಕಷ್ಟ. ಬೆರಳಿಡು ಎಂದರೆ ಅರ್ಥವಾಗಿದೆಯೋ ಇಲ್ಲವೋ ಯಾರಿಗೂ ಮುಜುಗರವಾಗದೆ ತಿಳಿಯುತ್ತದೆ.

ಚೀನಾದ ಮೇಷ್ಟ್ರುಗಳು ತಪ್ಪು ಆಯ್ಕೆಗಳಿಗೆ ತಮ್ಮ ಗಾದೆಗಳಿಂದಲೇ ಹೆಸರಿಟ್ಟಿದ್ದಾರೆ. ಗದ್ಯದಲ್ಲಿಲ್ಲದ್ದನ್ನು ಹುಟ್ಟಿಸಿ ಹೇಳಿದ್ದು ಒಂದು ಬಗೆ. ಒಂದು ತುಣುಕನ್ನೇ ಇಡೀ ವಿಷಯವೆಂದು ತೋರಿಸಿದ್ದು ಇನ್ನೊಂದು. ಒಬ್ಬನ ಕೆಲಸವನ್ನು ಮತ್ತೊಬ್ಬನಿಗೆ ಹಚ್ಚಿದ್ದು, ಅಂದರೆ ಝಾಂಗನ ಟೋಪಿಯನ್ನು ಲೀ ತಲೆಗೆ ಇಟ್ಟದ್ದು, ಮಗದೊಂದು. ಮಾತನ್ನು ಅಷ್ಟಿಷ್ಟು ತಿರುಚಿ ಬೇರೆಯದನ್ನು ನುಸುಳಿಸಿದ್ದು ಕೊನೆಯದು, ಅದೇ ಎಲ್ಲಕ್ಕಿಂತ ಅಪಾಯಕಾರಿ. ನಿಮ್ಮ ವಿದ್ಯಾರ್ಥಿಗಳಿಗೆ ಈ ಹೆಸರುಗಳು ಗೊತ್ತಿರುತ್ತವೆ. ತಾವು ತಪ್ಪಿದ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಯಾವ ಬಗೆಯ ಬಲೆಗೆ ಬಿದ್ದೆ ಎಂದು ಅವರ ಭಾಷೆಯಲ್ಲೇ ಬರೆದುಕೊಳ್ಳಲಿ. ಕೆಲವೇ ವಾರಗಳಲ್ಲಿ ಒಬ್ಬೊಬ್ಬರ ದೌರ್ಬಲ್ಯ ಬೇರೆಬೇರೆಯಾಗಿ ಕಾಣತೊಡಗುತ್ತದೆ.

ಪ್ರಶ್ನೆಗಳ ಬಗೆಯನ್ನೂ ಗುರುತಿಸಲು ಕಲಿಸಬೇಕು. ವಿವರ ಕೇಳುವುದು, ಸೂಚನೆಯಿಂದ ಊಹಿಸುವುದು, ಮುಖ್ಯ ವಿಷಯ ಹೇಳುವುದು, ಪದದ ಅರ್ಥ ಸಂದರ್ಭದಿಂದ ತಿಳಿಯುವುದು, ಹೆಚ್ಚುಕಡಿಮೆ ಈ ನಾಲ್ಕರಲ್ಲೇ ಎಲ್ಲ ಬರುತ್ತವೆ. ವಿವರದ ಪ್ರಶ್ನೆಗೆ ಹೆಚ್ಚು ಹೇಳಬೇಕಾಗಿಲ್ಲ. ಶೀರ್ಷಿಕೆ ಆರಿಸುವ ಪ್ರಶ್ನೆಯಲ್ಲಿ ಮಕ್ಕಳು ತೀರಾ ವಿಶಾಲವಾದದ್ದಕ್ಕೆ ಮರುಳಾಗುತ್ತಾರೆ. ಮೇಲಿನ ಗದ್ಯಕ್ಕೆ 'ಗ್ರಂಥಾಲಯಗಳ ಭವಿಷ್ಯ' ಎಂಬುದು ಗಂಭೀರವಾಗಿ ಕೇಳಿಸುತ್ತದೆ, ಆದರೆ ಅದು ಬೇರಾವ ಗದ್ಯಕ್ಕೂ ಹೊಂದುತ್ತದೆ. 'ಬೀಜ ಒಣಗಿಸುವ ಬಗೆ' ತೀರಾ ಕಿರಿದು. ಈ ಗದ್ಯಕ್ಕೆ ಮಾತ್ರ ಹೊಂದುವ, ಇಡೀ ಗದ್ಯಕ್ಕೆ ಹೊಂದುವ ಶೀರ್ಷಿಕೆ ಹುಡುಕು ಎನ್ನಿ. ಇನ್ನೂ ಒಳ್ಳೆಯದೆಂದರೆ, ಆಯ್ಕೆಗಳನ್ನು ಮುಚ್ಚಿಟ್ಟು ಅವರಿಂದಲೇ ಒಂದು ಶೀರ್ಷಿಕೆ ಬರೆಸಿ, ಆಮೇಲೆ ಆಯ್ಕೆಗಳನ್ನು ತೋರಿಸಿ.

ಪದಗಳ ವಿಷಯಕ್ಕೆ ಬಂದರೆ, ಪಟ್ಟಿ ಉರುಹೊಡೆದವರಿಗೆ ಹೊಸ ಪದಕ್ಕಿಂತ ಹಳೆಯ ಪದ ಹೆಚ್ಚು ಮೋಸ ಮಾಡುತ್ತದೆ. 'ಅಡ್ರೆಸ್' ಎಂದರೆ ವಿಳಾಸ ಎಂದು ಕಲಿತ ಹುಡುಗಿಗೆ ಸಮಸ್ಯೆಯೊಂದನ್ನು 'ಅಡ್ರೆಸ್' ಮಾಡುವುದು ಎಂದರೇನೆಂದು ತಿಳಿಯುವುದಿಲ್ಲ. 'ಬುಕ್' ಕ್ರಿಯಾಪದವಾಗಿ, 'ಫೈನ್' ದಂಡವಾಗಿ, 'ಶೋಲ್ಡರ್' ಹೊಣೆ ಹೊರುವುದಾಗಿ ಬಂದಾಗ ಓದು ಹಳಿ ತಪ್ಪುತ್ತದೆ. ನಿಮ್ಮ ಮೊದಲ ಸಲಹೆ ಹೀಗಿರಲಿ: ಪದ ಗೊತ್ತಿದ್ದೂ ವಾಕ್ಯ ಅರ್ಥವಾಗದಿದ್ದರೆ ಪದವನ್ನೇ ಅನುಮಾನಿಸು. ಗೊತ್ತಿಲ್ಲದ ಪದಕ್ಕೆ ಸುತ್ತಲಿನ ಸುಳಿವು ನೋಡಿಸಿ: ಉದ್ದಗೆರೆ ಹಾಕಿ ಕೊಟ್ಟ ವಿವರಣೆ, 'ಬಟ್' ಅಥವಾ 'ಅನ್‌ಲೈಕ್' ತಂದ ವಿರೋಧ, 'ಸಚ್ ಆ್ಯಸ್' ನಂತರದ ಉದಾಹರಣೆ, ಪದದ ಮೊದಲು ಕೊನೆಗಳಲ್ಲಿ ಅಂಟಿದ ಪ್ರತ್ಯಯಗಳು. ಓದು ಮುಗಿಯುವವರೆಗೆ ಫೋನಿನ ನಿಘಂಟು ಚೀಲದಲ್ಲೇ ಇರಲಿ.

ಗದ್ಯ ಆರಿಸುವುದಕ್ಕೂ ಒಂದು ಅಳತೆಯಿದೆ. ಹು ಮತ್ತು ಪಾಲ್ ನೇಷನ್ ಎಂಬ ವಿದ್ವಾಂಸರು 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಥೆಯೊಂದನ್ನು ಯಾರ ನೆರವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಲು ಅದರ ಪದಗಳಲ್ಲಿ ಸುಮಾರು ಶೇ. 98 ಗೊತ್ತಿರಬೇಕು. 300 ಪದಗಳ ಗದ್ಯದಲ್ಲಿ ಆರು ಅಪರಿಚಿತ ಪದಗಳೆಂದರೆ ಸರಿ. ಇಪ್ಪತ್ತಾದರೆ ಅದು ಓದಿನ ಅಭ್ಯಾಸವಾಗಿ ಉಳಿಯುವುದಿಲ್ಲ, ನಿಘಂಟಿನ ಕೆಲಸವಾಗುತ್ತದೆ. ಕಷ್ಟದ್ದನ್ನು ಕೊಟ್ಟಷ್ಟೂ ಮಕ್ಕಳು ಬೆಳೆಯುತ್ತಾರೆಂಬ ನಂಬಿಕೆ ಚೀನೀ ಪಾಲಕರಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ಓದಿನ ವಿಷಯದಲ್ಲಿ ಅದು ತಪ್ಪು ನಂಬಿಕೆ. ಪರೀಕ್ಷೆಯ ಗದ್ಯ ವಾರಕ್ಕೆ ಎರಡು ಸಾಕು, ಉಳಿದ ದಿನ ಸುಲಭದ ಪುಸ್ತಕ ಓದಲಿ. ಚೀನಾದಲ್ಲಿ 'ಶೂಚೋಂಗ್' ಎಂಬ ಹೆಸರಿನಲ್ಲಿ ಆಕ್ಸ್‌ಫರ್ಡಿನ ಸರಳ ಕಥಾಮಾಲೆ ಎರಡೂ ಭಾಷೆಗಳಲ್ಲಿ ಸಿಗುತ್ತದೆ. ಎಲ್. ಜಿ. ಅಲೆಕ್ಸಾಂಡರ್ 1967ರಲ್ಲಿ ಹೊರತಂದ 'ನ್ಯೂ ಕಾನ್ಸೆಪ್ಟ್ ಇಂಗ್ಲಿಷ್' ಇಂದಿಗೂ ಅಲ್ಲಿ ಮನೆಮಾತು. ಅದರ ಪುಟ್ಟ ಪುಟ್ಟ ಪ್ರಸಂಗಗಳು ಓದಿಗೆ ಬಹಳ ಚೆನ್ನ. ಇಂಗ್ಲೆಂಡಿನ ಹಳೆಯ ದಿನಗಳ ವಾಸನೆ ಇದ್ದರೂ ವಾಕ್ಯಗಳು ಗಟ್ಟಿಯಾಗಿವೆ.

ಐದು ವಾಕ್ಯ ಕೂಡಿಸುವ ಗದ್ಯದಲ್ಲಿ ಎರಡು ವಾಕ್ಯ ಹೆಚ್ಚುವರಿಯಾಗಿರುತ್ತವೆ. ಇಲ್ಲಿ ಖಾಲಿ ಜಾಗದ ಹಿಂದಿನ ಮತ್ತು ಮುಂದಿನ ವಾಕ್ಯಗಳೇ ದಾರಿ ತೋರುತ್ತವೆ. ಬಾಣದ ಅಭ್ಯಾಸ ಮಾಡಿದ ಮಕ್ಕಳಿಗೆ ಇದು ಸುಲಭ. ಬರವಣಿಗೆಯ ಭಾಗದಲ್ಲಿ ಅರ್ಧಕ್ಕೆ ನಿಲ್ಲಿಸಿದ ಕಥೆಯನ್ನು ಓದಿ, ಕೊಟ್ಟ ಎರಡು ಆರಂಭವಾಕ್ಯಗಳಿಂದ ಮುಂದಕ್ಕೆ ಸುಮಾರು 150 ಪದಗಳಲ್ಲಿ ಬೆಳೆಸಬೇಕು. ಝೆಜಿಯಾಂಗ್ ಪ್ರಾಂತ್ಯದಲ್ಲಿ 2016ರಲ್ಲಿ ಮೊದಲು ಬಂದ ಈ ಪ್ರಶ್ನೆಗೆ 25 ಅಂಕ. ನೋಡಲು ಬರವಣಿಗೆ, ನಿಜದಲ್ಲಿ ಓದು. ಕಥೆಯ ಮೊದಲರ್ಧದಲ್ಲಿ ಬಂದ ನಾಯಿ, ಮುರಿದ ಸೈಕಲ್ಲು, ಅಜ್ಜಿ ಹೇಳಿದ ಮಾತು, ಇವನ್ನು ಗಮನವಿಟ್ಟು ಓದಿದವರೇ ಎರಡನೆಯ ಅರ್ಧವನ್ನು ನಂಬುವಂತೆ ಬರೆಯುತ್ತಾರೆ. ನನ್ನ ಮಟ್ಟಿಗೆ ಆ ಪತ್ರಿಕೆಯಲ್ಲಿ ಇದೇ ಅತ್ಯಂತ ಒಳ್ಳೆಯ ಪ್ರಶ್ನೆ.

ಚೀನೀ ಭಾಷೆ ಬಳಸಲು ಬಿಡಬೇಕೇ? ಬಿಡಿ. ಗದ್ಯ ಓದಿದ ಮೇಲೆ ಇಬ್ಬರಿಬ್ಬರಾಗಿ ತಮ್ಮ ಭಾಷೆಯಲ್ಲಿ ಎರಡು ನಿಮಿಷ ಮಾತಾಡಿಕೊಳ್ಳಲಿ, ಆಮೇಲೆ ಒಬ್ಬರು ಇಂಗ್ಲಿಷಿನಲ್ಲಿ ಮೂರು ವಾಕ್ಯ ಹೇಳಲಿ. ಅರ್ಥವಾದದ್ದನ್ನು ಹೇಳಲು ಇಂಗ್ಲಿಷ್ ಸಾಲದೆ ಸುಮ್ಮನಾಗುವವರೂ, ಅರ್ಥವೇ ಆಗದೆ ಸುಮ್ಮನಾಗುವವರೂ ಆಗ ಬೇರೆಯಾಗಿ ಕಾಣುತ್ತಾರೆ. ಬೇಡವೆನ್ನಬೇಕಾದದ್ದು ಸಾಲುಸಾಲಿಗೂ ಅನುವಾದ ಬರೆಯುವುದನ್ನು.

ಗಡಿಯಾರ ಕೊನೆಗೆ ಬರಲಿ. ಪರೀಕ್ಷೆಯಲ್ಲಿ ಒಂದು ಗದ್ಯಕ್ಕೆ ಏಳೆಂಟು ನಿಮಿಷಕ್ಕಿಂತ ಹೆಚ್ಚು ಸಿಗದು ನಿಜ. ಆದರೆ ಸಾಲು ತೋರಿಸುವ ಅಭ್ಯಾಸ ಕೂತುಕೊಳ್ಳುವ ಮುಂಚೆ ಸಮಯ ಕಟ್ಟಿದರೆ ಮಕ್ಕಳು ಹಳೆಯ ಊಹೆಗೇ ಮರಳುತ್ತಾರೆ. ಮೊದಲ ತಿಂಗಳು ಸಮಯ ಬೇಡ. ಎರಡನೆಯ ತಿಂಗಳು ಎಷ್ಟು ಹೊತ್ತಾಯಿತೆಂದು ಬರೆದಿಡಲಿ. ಆಮೇಲೆ ಮಿತಿ ಹಾಕಿ.

ನಿಮ್ಮ ಮೊದಲ ತರಗತಿಗೆ ಪ್ರಶ್ನೆಪತ್ರಿಕೆ ಒಯ್ಯಬೇಡಿ. ಆರು ಅಪರಿಚಿತ ಪದಗಳಿಗಿಂತ ಹೆಚ್ಚಿಲ್ಲದ ಒಂದು ಪುಟದ ಗದ್ಯ, ಒಂದೇ ಒಂದು ಪ್ರಶ್ನೆ, ಕೈಯಲ್ಲಿ ಪೆನ್ಸಿಲು, ಇಷ್ಟೇ ಇರಲಿ. ಮಕ್ಕಳು ಉತ್ತರ ಹೇಳಿದ ಕೂಡಲೇ ಸರಿ, ತಪ್ಪು ಅನ್ನದೆ, ಅದು ಯಾವ ಸಾಲಿನಲ್ಲಿದೆ ಎಂದು ಕೇಳಿ, ಅವರು ಹುಡುಕುವವರೆಗೆ ಕಾಯಿರಿ.